ತೂಕ ಇಳಿಯಿತು, ದನಿ ಕಿವಿಗೇರಿತು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಈಚೆಗೆ ದೇಹದಲ್ಲಿ ಏನಾದರೂ ಬದಲಾವಣೆ ಆಗಿದೆಯೇ ಎಂದು ಡಾಕ್ಟರು ಕೇಳಿದರು. ಒಂದು ವರ್ಷದೊಳಗೆ ಮೂವತ್ತು ಕಿಲೋ ಕರಗಿಸಿ, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡು ಅವರೆದುರು ಕೂತಿದ್ದ ನಾನು, "ಇಲ್ಲ, ಏನೂ ಇಲ್ಲ" ಅಂದೆ. ಈ ದೇಶಕ್ಕೆ ಬಂದಾಗ ಮನೆಯ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಿದ್ದೆನೇ ಹೊರತು ಒಮ್ಮೆಯೂ ಹೋಗಿರಲಿಲ್ಲ. ಹಾಗಾಗಿ ದಪ್ಪಗಿದ್ದವನನ್ನು ಅವರು ಕಂಡೇ ಇರಲಿಲ್ಲ. ಎದುರಿಗೆ ಕೂತವನು ಹುಟ್ಟಿನಿಂದಲೂ ಇಷ್ಟೇ ಇದ್ದ ಅಂದುಕೊಂಡರು. ನನಗೆ ಅದು ಎಷ್ಟು ಹಿತವಾಗಿತ್ತೆಂದರೆ, ಆ ಹಿತವನ್ನು ಕೈಯಾರೆ ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಆ ಒಂದು "ಇಲ್ಲ" ನನ್ನನ್ನು ಇಡೀ ಚಳಿಗಾಲ ತಿಂದುಹಾಕಿತು.

ನಾನು ಮೈಸೂರಿನವನು. ಡಚ್ಚರ ನಾಡಿನ ಗ್ರೋನಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆಯ ಪಿಷ್ಟದ ಮೇಲೆ ಸಂಶೋಧನೆ ಮಾಡುತ್ತೇನೆ. ಇದನ್ನು ಕೇಳಿ ಯಾರೂ ಬೆರಗಾದದ್ದಿಲ್ಲ. ಜನ ನನ್ನನ್ನು ಬಲ್ಲದ್ದು ಮಿಮಿಕ್ರಿಯಿಂದ. ನಮ್ಮ ಪ್ರೊಫೆಸರು ಒಂದು ವಾಕ್ಯದ ನಡುವೆ ಮೂರು ಸಲ ಮೂಗೆಳೆಯುವುದು, ರೈಲು ತಡವಾಗಿದೆ ಎಂದು ಹೇಳುವ ಹೆಣ್ಣುದನಿಯ ನಿರ್ಲಿಪ್ತ ವಿಷಾದ, ಊರಿನ ಕನ್ನಡ ಕೂಟದ ಅಧ್ಯಕ್ಷರು ಮೈಕ್ ಸಿಕ್ಕೊಡನೆ ಉಸುರುವ "ಎರಡೇ ಮಾತು" ಮತ್ತು ಅದರ ಹಿಂದೆ ಬರುವ ಅರ್ಧ ಗಂಟೆ, ಎಲ್ಲವೂ ನನ್ನ ಗಂಟಲಲ್ಲಿತ್ತು. ಎಲ್ಲರಿಗಿಂತ ಹೆಚ್ಚು ಏಟು ತಿಂದವನು ನನ್ನ ಜೊತೆ ಮನೆ ಹಂಚಿಕೊಂಡಿರುವ ಬಸು. ಗದಗಿನವನು, ಮಿತಭಾಷಿ. ದಿನಕ್ಕೆ ನಾಲ್ಕು ವಾಕ್ಯ ಆಡುತ್ತಿದ್ದ. ಅವನ್ನು ನಾನು ಅದೇ ಧಾಟಿಯಲ್ಲಿ ನಲವತ್ತು ಸಲ ಹಿಂದಿರುಗಿಸುತ್ತಿದ್ದೆ. ಇನ್ನು ನನ್ನ ಮೈ ಇತ್ತಲ್ಲ, ಅದು ಪುಕ್ಕಟೆಯಾಗಿ ಸಿಕ್ಕ ಪಕ್ಕವಾದ್ಯ. ಯಾರಾದರೂ ನನ್ನ ಹೊಟ್ಟೆಯ ಬಗ್ಗೆ ಜೋಕು ಹೇಳುವ ಮೊದಲು ನಾನೇ ಎರಡು ಹೇಳಿ ಮುಗಿಸುತ್ತಿದ್ದೆ. ಬಾಗಿಲಲ್ಲಿ ಕಳ್ಳ ನಿಂತಿರುವಾಗ ಮನೆಯ ಸಾಮಾನನ್ನು ನಾವೇ ಬೀದಿಗೆ ಎಸೆದಂತೆ.

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಅದು ಕೆಟ್ಟಿತು. ಬಾಡಿಗೆಗೆ ಹಿಡಿದ ಸಣ್ಣ ಸಭಾಂಗಣ. ಮೆಟ್ಟಿಲು ಹತ್ತಿ ವೇದಿಕೆಗೆ ಬಂದೆ, ಮೈಕು ಹಿಡಿದೆ, ಶುರು ಮಾಡುವ ಮೊದಲೇ ಜನ ಬಿದ್ದುಬಿದ್ದು ನಕ್ಕರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಬೆನ್ನು ತಟ್ಟಿ, ಎಲ್ಲಕ್ಕಿಂತ ಮೊದಲು ಮಾಡಿದ ಏದುಸಿರಿನ ಮುದುಕ ಬಹಳ ಚೆನ್ನಾಗಿದ್ದ, ಅದು ಯಾರ ಅನುಕರಣೆ ಅಂತ ಕೇಳಿದರು. ನಾನು ಯಾರನ್ನೂ ಅನುಕರಿಸಿರಲಿಲ್ಲ. ಮೆಟ್ಟಿಲು ಹತ್ತಿದ್ದೆ, ಅಷ್ಟೆ. ನನಗೆ ಆಗ ಇಪ್ಪತ್ತೇಳು.

ಮರುದಿನದಿಂದ ಊಟ ಬಿಟ್ಟೆ. ಡಾಕ್ಟರನ್ನಾಗಲಿ ಬಲ್ಲವರನ್ನಾಗಲಿ ಕೇಳಲಿಲ್ಲ. ಇಲ್ಲಿ ಸಿಗುವ ಗಟ್ಟಿ ಮೊಸರಿನಂಥ ಕ್ವಾರ್ಕ್, ಸೌತೆಕಾಯಿ, ಕಪ್ಪು ಕಾಫಿ, ದಿನಕ್ಕೊಂದೇ ಹೊತ್ತು. ಹಗಲೆಲ್ಲ ಆಲೂಗಡ್ಡೆಯ ನಡುವೆ ಇದ್ದು ಒಂದು ಹೋಳನ್ನೂ ಬಾಯಿಗಿಡದವನು ಋಷಿಯಲ್ಲದೆ ಮತ್ತೇನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈ ಊರಿನ ಎದುರುಗಾಳಿಗೆ ಸೈಕಲ್ಲು ತುಳಿದೆ. ಬಸು ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊದಮೊದಲು ಅವನು ತಟ್ಟೆ ತಂದು ಬಾಗಿಲ ಹತ್ತಿರ ಇಡುತ್ತಿದ್ದ. ಆಮೇಲೆ ಬಿಟ್ಟ.

ಮೈ ಇಳಿದರೆ ಹಗುರವಾಗುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ಚಳಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೂಳೆಯೊಳಗಿನ ಚಳಿ, ಬೇಸಿಗೆಯಲ್ಲೂ ಸ್ವೆಟರು. ಮರದ ಬೆಂಚಿನ ಮೇಲೆ ಕೂತರೆ ಕೆಳಗೆ ಎರಡು ಮೂಳೆಗಳು ಇವೆಯೆಂದು ಆಗ ತಿಳಿಯಿತು. ಬಚ್ಚಲಿನ ಜಾಲರಿಯಲ್ಲಿ ಕೂದಲು ಕಟ್ಟಿಕೊಂಡಿತು. ಹೊಟ್ಟೆ ಹೋಯಿತು, ಅದರ ಚರ್ಮ ಹೋಗಲಿಲ್ಲ. ಮದುವೆ ಮುಗಿದ ಮೇಲೂ ಬಿಚ್ಚದ ಚಪ್ಪರದ ಹಾಗೆ ಜೋತುಬಿತ್ತು. ಅಂಗಡಿಯಲ್ಲಿ ನನ್ನ ಕೈ ತಾನಾಗಿ ಅತಿ ದೊಡ್ಡ ಅಂಗಿಗೇ ಹೋಗುತ್ತಿತ್ತು. ಬಸ್ಸಿನಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿದ್ದರೂ ಅಡ್ಡಕ್ಕೆ ತಿರುಗಿ, ಕ್ಷಮಿಸಿ ಕ್ಷಮಿಸಿ ಅನ್ನುತ್ತ ನುಸುಳುತ್ತಿದ್ದೆ.

ಮನಸ್ಸಿಗೆ ಆದದ್ದು ಇನ್ನೂ ವಿಚಿತ್ರ. ಜನ ನನ್ನ ಮಾತನ್ನು ಕೇಳತೊಡಗಿದರು. ಹಿಂದೆ ನಾನು ಬಾಯಿ ತೆರೆದರೆ ಸಾಕು, ಜೋಕು ಬರುತ್ತದೆಂದು ಮುಖ ಅಗಲಿಸಿಕೊಂಡು ಕಾಯುತ್ತಿದ್ದರು. ಈಗ ಪ್ರೊಫೆಸರು ಮೀಟಿಂಗಿನಲ್ಲಿ ನನ್ನತ್ತ ತಿರುಗಿ, ನಿನಗೇನು ಅನ್ನಿಸುತ್ತದೆ ಅಂತ ಕೇಳಿದರು. ನನಗೆ ಏನಾದರೂ ಅನ್ನಿಸಬಹುದೆಂದು ಅವರಿಗೆ ಮೂರು ವರ್ಷ ಹೊಳೆದಿರಲಿಲ್ಲ. ಕನ್ನಡ ಕೂಟದಲ್ಲಿ, ನನ್ನ ಕಡೆ ಕಣ್ಣೆತ್ತದಿದ್ದವರು ಬಂದು ಪಕ್ಕದಲ್ಲಿ ಕೂತರು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಕೆಟ್ಟ ಸಿಟ್ಟು ಬರುತ್ತಿತ್ತು. ಇಷ್ಟು ದಿನ ಇಲ್ಲಿದ್ದ ಆ ದಪ್ಪಗಿನವನನ್ನು ಇವರೆಲ್ಲ ಏನೆಂದು ತಿಳಿದಿದ್ದರು? ಅವನು ಸತ್ತಂತೆ, ಅವನ ಶತ್ರುಗಳೆಲ್ಲ ಬಂದು ನನಗೆ ಶುಭಾಶಯ ಹೇಳುತ್ತಿರುವಂತೆ ಅನ್ನಿಸುತ್ತಿತ್ತು. ಅವನಿಗಾಗಿ ಅಳುವವರು ಯಾರೂ ಇರಲಿಲ್ಲ. ನಾನಂತೂ ಅಳುವ ಹಾಗಿರಲಿಲ್ಲ, ಅವನನ್ನು ಕೊಂದವನೇ ನಾನು.

ಆಮೇಲೆ ಕಿವಿ.

ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುವಾಗ ಹಿಂದಿನ ಕ್ಯಾರಿಯರ್ ಮೇಲೆ ಯಾರೋ ಕೂತು ನನ್ನ ಎಡಗಿವಿಗೆ ಉಸಿರು ಬಿಡುತ್ತಿದ್ದಾರೆ ಅನ್ನಿಸಿತು. ಎರಡು ಸಲ ತಿರುಗಿ ನೋಡಿದೆ. ಯಾರೂ ಇಲ್ಲ. ಉಸಿರು ನನ್ನದೇ. ಲ್ಯಾಬಿಗೆ ಹೋಗಿ ಗುಡ್ ಮಾರ್ನಿಂಗ್ ಅಂದೆ, ಆ ಮಾತು ತಲೆಯೊಳಗೇ ಸಿಡಿಯಿತು. ತಾಮ್ರದ ಕೊಡದೊಳಗೆ ತಲೆ ಹಾಕಿ ಕೂಗಿದರೆ ಹೇಗೋ ಹಾಗೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಹೋಯಿತು. ಮರುದಿನ ಬಂತು. ವಾರಗಳು ಕಳೆದಂತೆ ಎದ್ದು ಓಡಾಡುವ ಹೊತ್ತೆಲ್ಲ ಅದೇ. ಉಸಿರೆಳೆದರೆ ಗಾಳಿ, ಬಿಟ್ಟರೆ ಗಾಳಿ, ಮಾತಾಡಿದರೆ ಗುಡುಗು. ಸೌತೆಕಾಯಿ ಕಚ್ಚಿದರೆ ಮರ ಮುರಿದ ಸದ್ದು.

ಮಿಮಿಕ್ರಿ ಮಾಡುವವನ ಬಂಡವಾಳ ಗಂಟಲು ಅಂತ ಜನ ತಿಳಿಯುತ್ತಾರೆ. ಅಲ್ಲ, ಕಿವಿ. ನನ್ನ ಬಾಯಿಂದ ಹೊರಟದ್ದು ಹೊರಗೆ ಹೇಗೆ ಕೇಳುತ್ತಿದೆ ಎಂದು ಅಳೆದು ಅಳೆದು ತಿದ್ದುವುದೇ ಆ ವಿದ್ಯೆ. ಈಗ ಹೊರಗಿನದು ಕೇಳುತ್ತಲೇ ಇರಲಿಲ್ಲ. ಕೋಣೆಯಲ್ಲಿ ಒಬ್ಬನೇ ನಿಂತು ಪ್ರೊಫೆಸರನ್ನು ಮಾಡಿದೆ, ನನ್ನ ದನಿ ಬಂತು. ರೈಲಿನ ಹೆಂಗಸನ್ನು ಮಾಡಿದೆ, ನನ್ನ ದನಿ. ಕೊನೆಗೆ ಬಸುವನ್ನು ಮಾಡಿದೆ. ಬಸುವಿನ "ಇರ್ಲಿ ಬಿಡಲೇ" ನನಗೆ ನಿದ್ದೆಗಣ್ಣಲ್ಲೂ ಬರುತ್ತಿತ್ತು. ಅದೂ ನನ್ನದೇ ದನಿ. ಯುಗಾದಿಗೆ ಕಾರ್ಯಕ್ರಮ ಕೊಡು ಎಂದಾಗ ಥೀಸಿಸ್ ಕೆಲಸವಿದೆ ಅಂದೆ. ನನ್ನ ಗಾಂಭೀರ್ಯ ನೋಡಿ ಅಧ್ಯಕ್ಷರು ಮೆಚ್ಚಿಕೊಂಡರು.

ಮಾತಾಡಿದರೆ ಸಿಡಿಯುವುದರಿಂದ ಪಿಸುಗುಟ್ಟಲು ಕಲಿತೆ. ಮೈಸೂರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಇದು ಬೇರೆಯೇ ಕಥೆ ಹೇಳಿತು.

"ಪಕ್ಕದಲ್ಲಿ ಯಾರೋ ಮಲಗಿದಾರೆ ಅಲ್ವಾ?"

"ಯಾರೂ ಇಲ್ಲಮ್ಮ."

"ಮತ್ಯಾಕೆ ಪಿಸಪಿಸ ಅಂತೀಯ? ಡಚ್ ಹುಡುಗಿ ಆದ್ರೂ ಪರವಾಗಿಲ್ಲ ಕಣೋ, ಊಟ ಹಾಕ್ತಾಳಾ ಅಷ್ಟು ಹೇಳು. ಕೆನ್ನೆ ನೋಡು, ಏನಾಗಿದೆ."

ಹತ್ತು ವರ್ಷ ನನ್ನ ತಟ್ಟೆಯಿಂದ ದೋಸೆ ಕಸಿದವಳು ಇವಳೇ. ಹದಿನೈದು ಕಿಲೋ ಇಳಿದಾಗ ನೆಂಟರಿಗೆಲ್ಲ ನನ್ನ ಫೋಟೋ ಕಳಿಸಿದಳು. ಇಪ್ಪತ್ತೈದು ಇಳಿದಾಗ ಶುಗರ್ ಟೆಸ್ಟ್ ಮಾಡಿಸಿದೆಯಾ ಅಂದಳು. ಮೂವತ್ತಕ್ಕೆ ವಿಡಿಯೋ ಕಾಲಿನಲ್ಲಿ ಮುಖ ನೋಡುವುದನ್ನೇ ಬಿಟ್ಟು, ಕ್ಯಾಮೆರಾವನ್ನು ದೇವರ ಮನೆಯ ಕಡೆ ತಿರುಗಿಸಿ ಮಾತಾಡುತ್ತಿದ್ದಳು. ಕಿವಿಯ ವಿಷಯ ಅವಳಿಗೆ ಹೇಳಲಿಲ್ಲ. ತಲೆಯೊಳಗೆ ಗಡ್ಡೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಇಲ್ಲವಾದರೆ ಹುಚ್ಚು. ತನ್ನ ಉಸಿರನ್ನೇ ಹಗಲೆಲ್ಲ ಕೇಳುವವನು ಬೇರೇನಾಗಿರಲು ಸಾಧ್ಯ?

ಹೀಗಿರುವಾಗ ಮೊದಲ ಸಲ ಡಾಕ್ಟರ ಹತ್ತಿರ ಹೋದೆ. ಇಲ್ಲಿಯ ಕಾಯುವ ಕೋಣೆಗೆ ಒಂದು ರಿವಾಜಿದೆ. ಒಳಗೆ ಬಂದವರು ಕೂತವರಿಗೆಲ್ಲ ಸೇರಿಸಿ ಒಂದು ನಮಸ್ಕಾರ ಹೇಳಬೇಕು, ಕೂತವರೆಲ್ಲ ತಿರುಗಿ ಹೇಳಬೇಕು. ಈ ಊರಿನಲ್ಲಿ ಅದಕ್ಕೆ "ಮೊಯ್" ಎಂಬ ಒಂದೇ ಒಂದು ಪುಟ್ಟ ಮಾತು. ಎಂಟು ಜನ ಬಂದರೆ ಎಂಟು ಮೊಯ್. ಒಂದೊಂದು ಮೊಯ್‌ಗೂ ತಲೆಯೊಳಗೆ ಒಂದೊಂದು ಪಟಾಕಿ. ಮೂರನೆಯದಕ್ಕೆ ಬರೀ ತಲೆಯಾಡಿಸಿದೆ. ಎದುರಿಗಿದ್ದ ಅಜ್ಜಿ ನನ್ನನ್ನು ಒರಟ ಅಂದುಕೊಂಡದ್ದು ಮುಖದಲ್ಲೇ ಕಂಡಿತು. ನಾಲ್ಕನೆಯವರು ಬರುವ ಹೊತ್ತಿಗೆ, ಹೆದರಿಕೆ ನಾಚಿಕೆ ಎರಡೂ ತಡೆಯಲಾರದೆ, ತಲೆಯನ್ನು ಮೊಣಕಾಲ ನಡುವೆ ಹುದುಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಡಾಕ್ಟರು ಬಂದು ನನ್ನ ಹೆಸರು ಕರೆದಾಗಲೂ ನಿಂತೇ ಇತ್ತು. ಅವರು ಕಿವಿಯೊಳಗೆ ಬೆಳಕು ಹಾಕಿ ನೋಡಿದರು, ಏನೂ ಕಾಣಲಿಲ್ಲ. ಆ ಪ್ರಶ್ನೆ ಕೇಳಿದರು. ನಾನು ಆ ಉತ್ತರ ಕೊಟ್ಟೆ. ಕೆಲಸದ ಒತ್ತಡವಿರಬಹುದು, ವಿಶ್ರಾಂತಿ ತಗೊಳ್ಳಿ, ಹೋಗದಿದ್ದರೆ ಮತ್ತೆ ಬನ್ನಿ ಅಂದರು. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯುವಷ್ಟರಲ್ಲಿ ಉಸಿರು ಮತ್ತೆ ಕಿವಿಯಲ್ಲಿತ್ತು.

ಆಗ ಗದಗಿನಿಂದ ಬಸುವಿನ ತಾಯಿ ಬಂದರು. ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಹೋಗಲು ಬಂದ ಅವರನ್ನು ಅವನ ಹಾಗೆ ನಾನೂ ಅವ್ವ ಅಂದೆ. ಬಂದ ದಿನ, ನಮ್ಮ ಕಡೆಯ ಪದ್ಧತಿಯಂತೆ, ಬಗ್ಗಿ ಕಾಲು ಮುಟ್ಟಿದೆ. ಹಣೆ ಅವರ ಪಾದದ ಹತ್ತಿರ ಬಂತು. ಸದ್ದು ನಿಂತುಹೋಯಿತು. ಕಾಯುವ ಕೋಣೆಯಲ್ಲಿ ಆದದ್ದು ಆಕಸ್ಮಿಕವಲ್ಲ ಎಂದು ಆಗ ಹೊಳೆಯಿತು. ಎದ್ದಿರುವಾಗ ವಾರಗಳಿಂದ ಸಿಗದಿದ್ದ ಮೌನ ಅದು. ಏಳಲು ಮನಸ್ಸೇ ಆಗಲಿಲ್ಲ. ಅವ್ವ ತಲೆಯ ಮೇಲೆ ಕೈಯಿಟ್ಟು ಆಯುಷ್ಯ ಹರಸಿದರು. ನಾನು ಏಳಲಿಲ್ಲ. ವಿದ್ಯೆ, ನೌಕರಿ, ಹೆಂಡತಿ, ಮಕ್ಕಳು ಒಂದೊಂದಾಗಿ ಹರಸಿದರು. ಕೊನೆಗೆ ಹರಸಲು ಏನೂ ಉಳಿಯದೆ, "ಏಳೋ ಮಗನ, ನನಗ ಕಾಲು ಜೋಮ ಹಿಡದಾವು" ಅಂದರು.

ಮಲಗಿದರೂ ಸದ್ದು ನಿಲ್ಲುತ್ತಿತ್ತು, ಆದರೆ ಹಗಲಿಡೀ ಮಲಗುವುದು ಹೇಗೆ? ಕಾಲಿಗೆ ಬೀಳುವುದು ಮರ್ಯಾದೆಯ ದಾರಿ. ಬೆಳಿಗ್ಗೆ ಹೊರಡುವಾಗ ಅವ್ವನ ಕಾಲಿಗೆ ಬಿದ್ದೆ, ಸಂಜೆ ಬಂದು ಬಿದ್ದೆ. ಕೂಟಕ್ಕೆ ಹೋದರೆ ಊರಿನಿಂದ ಬಂದ ಅಪ್ಪ-ಅಮ್ಮಂದಿರು ಸಾಲಾಗಿ ಕೂತಿರುತ್ತಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿದ್ದೆ. ಮೈ ಇಳಿದ ಮೇಲೆ ಹುಡುಗನಿಗೆ ಎಷ್ಟು ಸಂಸ್ಕಾರ ಬಂತು ಎಂದು ಮಾತಾಯಿತು. ಇಬ್ಬರು ನನ್ನ ಜಾತಕ ಕೇಳಿದರು. ಇದನ್ನೆಲ್ಲ ಬಸು ಗೋಡೆಗೆ ಒರಗಿ ನೋಡುತ್ತಿದ್ದ. ನಾನು ದೇವರಂಥ ಹುಡುಗ ಎಂದು ಅವ್ವ ಹೇಳಿದಾಗ, ಅವನು ನನ್ನ ಮುಖವನ್ನೇ ನೋಡುತ್ತ, "ಇಂವಗ ಏನೋ ಆಗೇತಿ" ಅಂದ.

ಆ ರಾತ್ರಿಯೂಟದ ಹೊತ್ತಿಗೆ ಅವನಿಗೆ ಎಲ್ಲ ಹೇಳಿದೆ. ಗಡ್ಡೆ ಅಥವಾ ಹುಚ್ಚು ಅನ್ನುವುದನ್ನೂ ಹೇಳಿದೆ. ಅವನು ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡ. ನನ್ನ ಜೊತೆ ಬಂದ, ಒಳಗೂ ಬಂದ. ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿ ನಾನು ಬಾಯಿ ತೆರೆಯುವ ಮೊದಲೇ ಅವನು ಫೋನು ತೆಗೆದು, ರಾಜ್ಯೋತ್ಸವದ ವಿಡಿಯೋ ಹಾಕಿ ಮೇಜಿನ ಮೇಲಿಟ್ಟ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಅವನು ಬಂದ, ಆ ದಪ್ಪಗಿನವನು, ಕೆನ್ನೆ ಕಣ್ಣು ಹೊಟ್ಟೆಯೆಲ್ಲ ಕುಣಿಸುತ್ತ. ಅವನನ್ನು ನಾನು ನೋಡಿ ಬಹಳ ದಿನವಾಗಿತ್ತು. ಅಷ್ಟು ಚೆನ್ನಾಗಿದ್ದ ಅಂತ ನನಗೆ ಗೊತ್ತಿರಲಿಲ್ಲ. ಡಾಕ್ಟರು ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇದು ಯಾವಾಗಿನದು ಎಂದರು. ಬೈಯಲಿಲ್ಲ. ಆಸ್ಪತ್ರೆಯ ಕಿವಿ ತಜ್ಞರಿಗೆ ಅಲ್ಲೇ ಕಾಗದ ಬರೆದರು.

ಕಿವಿಯ ಡಾಕ್ಟರು ಉದ್ದನೆಯ, ನಿಧಾನದ ಮನುಷ್ಯ. ನನ್ನನ್ನು ಮಲಗಿಸಲಿಲ್ಲ. ನೆಟ್ಟಗೆ ಕೂರಿಸಿ, ಬಾಯಿ ಮುಚ್ಚಿ ಜೋರಾಗಿ ಉಸಿರಾಡು ಅಂದರು. ಕಿವಿಯೊಳಗಿನ ಚಿತ್ರವನ್ನು ಪರದೆಯ ಮೇಲೆ ನನಗೂ ತೋರಿಸಿದರು. ಉಸಿರೆಳೆದಾಗ ಕಿವಿತಮಟೆಯ ಚರ್ಮ ಒಳಗೆ, ಬಿಟ್ಟಾಗ ಹೊರಗೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ದಾರಿಯೊಂದು ನುಂಗುವಾಗ ಬಿಟ್ಟರೆ ಮುಚ್ಚಿರಬೇಕು, ಅದನ್ನು ಒತ್ತಿ ಹಿಡಿದಿದ್ದ ಚೂರು ಕೊಬ್ಬನ್ನೂ ನೀನು ಕರಗಿಸಿದ್ದೀಯ, ಈಗ ಅದು ತೆರೆದೇ ಇರುತ್ತದೆ, ತಲೆ ತಗ್ಗಿಸಿದರೆ ರಕ್ತ ಇಳಿದು ದಾರಿ ಊದಿ ಮುಚ್ಚಿಕೊಳ್ಳುತ್ತದೆ ಅಂದರು. ಹುಚ್ಚಲ್ಲವಾ ಅಂತ ಕೇಳಿದೆ. ಅಲ್ಲ ಅಂದರು. ಕಾರಿಡಾರಿನಲ್ಲಿ ಬಸುವಿನ ಭುಜದ ಮೇಲೆ ತಲೆಯಿಟ್ಟು ಅತ್ತೆ. ಅಳುವಿನ ಸದ್ದೂ ತಲೆಯೊಳಗೆ ಮೊಳಗುತ್ತಿತ್ತು. ಇಷ್ಟು ಕೆಟ್ಟದಾಗಿ ಅಳುವವನನ್ನು ನಾನು ಅದುವರೆಗೆ ಅನುಕರಿಸಿರಲಿಲ್ಲ.

ಅವ್ವನಿಗೂ ನಿಜ ಹೇಳಬೇಕಾಯಿತು. ಕಾಲಿಗೆ ಬಿದ್ದದ್ದೆಲ್ಲ ಕಿವಿಯ ಉಪಚಾರ ಎಂದು ಒಪ್ಪಿಕೊಂಡೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀ ಯಾಕ ಬಿದ್ದೀ, ಅದು ನಿನಗ ಗೊತ್ತು. ನಾ ಕೊಟ್ಟಿದ್ದು ಖರೇ ಆಶೀರ್ವಾದ" ಅಂದರು.

ಡಾಕ್ಟರು ಕೊಟ್ಟ ಔಷಧಿ ಮೂಗಿಗೆ ಬಿಟ್ಟುಕೊಳ್ಳುವ ಉಪ್ಪುನೀರು, ಮತ್ತು ಒಂದು ಮಾತು: ನಿಧಾನವಾಗಿ, ಆಹಾರ ತಜ್ಞರ ಜೊತೆಗೂಡಿ, ಕಳೆದದ್ದರಲ್ಲಿ ಸ್ವಲ್ಪ ಹಿಂದಕ್ಕೆ ಪಡೆದುಕೋ. ಉಪ್ಪುನೀರು ಹಾಕಿಕೊಂಡೆ. ಆ ಮಾತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ನನ್ನ ಹಾಗೆ ಮೈ ಇಳಿಸಿದ್ದರೆ ಅವರಿಗೆ ಅರ್ಥವಾಗುತ್ತದೆ. ಜೀವನವಿಡೀ ಗುಡುಗನ್ನು ಕೇಳುತ್ತ ಬದುಕಬಲ್ಲೆ, ಒಂದು ಹಿಡಿ ಅನ್ನ ಹೆಚ್ಚು ಉಣ್ಣಲಾರೆ ಅನ್ನಿಸುವ ಸ್ಥಿತಿ ಅದು. ಒಂದು ತುತ್ತಿಗೆ ಬಾಗಿಲು ತೆಗೆದರೆ ಮೂವತ್ತು ಕಿಲೋ ಒಟ್ಟಿಗೆ ಒಳನುಗ್ಗಿ ಸೋಫಾದ ಮೇಲೆ ಕೂತುಬಿಡುತ್ತದೆ ಎಂಬ ಭಯ. ತಟ್ಟೆ ಮುಂದೆ ಬಂದರೆ ಹಿಂದಕ್ಕೆ ಸರಿಸುತ್ತಿದ್ದೆ. ಅವ್ವ ಊರಿಗೆ ಹೊರಡುವ ದಿನದವರೆಗೂ ನಾನು ಅವರ ಕೈಯಡುಗೆಯನ್ನು ನೆಟ್ಟಗೆ ಉಣ್ಣಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವರು ನನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟರು.

ಈಗ ಒಂದಿಷ್ಟು ತೂಕ ಮರಳಿದೆ, ಬಹುಪಾಲು ಮರಳಿಲ್ಲ. ದಣಿದಾಗ, ದೂರ ಸೈಕಲ್ಲು ತುಳಿದಾಗ ಉಸಿರು ಕಿವಿಗೆ ಬಂದು ಹಾಜರಿ ಹಾಕಿ ಹೋಗುತ್ತದೆ. ಆಗ ಲ್ಯಾಬಿನ ನೆಲದ ಮೇಲೆ ಐದು ನಿಮಿಷ ಅಂಗಾತ ಮಲಗುತ್ತೇನೆ, ಜನ ದಾಟಿಕೊಂಡು ಹೋಗುತ್ತಾರೆ. ಆಹಾರ ತಜ್ಞೆಯ ಬಳಿಗೆ ಈಗಲೂ ಹೋಗುತ್ತೇನೆ, ಹೆದರಿಕೆಯೂ ಜೊತೆಗೇ ಬರುತ್ತದೆ. ಅಮ್ಮ ಕ್ಯಾಮೆರಾವನ್ನು ದೇವರ ಮನೆಯಿಂದ ತನ್ನ ಕಡೆಗೆ ತಿರುಗಿಸಿದ್ದಾಳೆ. ಈ ಚೇತರಿಕೆ ಶುರುವಾದದ್ದು ಡಾಕ್ಟರ ಮಾತಿನಿಂದಲ್ಲ, ಅವ್ವ ಹೋದ ಮೇಲಿನ ಒಂದು ಭಾನುವಾರದಿಂದ.

ಬಸು ರೊಟ್ಟಿ, ಹೆಸರುಕಾಳು ಪಲ್ಯ ಮಾಡಿ ನನ್ನ ಮುಂದೆ ತಟ್ಟೆಯಿಟ್ಟಿದ್ದ. ನಾನು ಅದನ್ನು ಮುಟ್ಟದೆ, ಪಿಸುಮಾತಿನಲ್ಲಿ ವಾದ ಹೂಡಿದ್ದೆ. ನಿನಗೆ ಗೊತ್ತಿಲ್ಲ ಅಂದೆ. ಹುಟ್ಟಿನಿಂದ ಕಡ್ಡಿಯ ಹಾಗಿರುವವನಿಗೆ ಗೊತ್ತಾಗುವುದೂ ಇಲ್ಲ ಅಂದೆ. ದಪ್ಪಗಿದ್ದಾಗ ನಾನು ಏನು ಹೇಳಿದರೂ ನಗುತ್ತಿದ್ದರು, ನೋವಾಗಿದೆ ಅಂದರೂ ನಗುತ್ತಿದ್ದರು, ನೀನೂ ನಗುತ್ತಿದ್ದೆ ಅಂದೆ. ಅವನು ಹೌದೆಂದು ತಲೆಯಾಡಿಸಿದ. ಈಗ ಮೊದಲ ಸಲ ಜನ ನನ್ನ ಮಾತನ್ನು ಕೇಳುತ್ತಿದ್ದಾರೆ, ಎದುರು ಕೂತು, ಮುಖ ನೋಡಿ ಕೇಳುತ್ತಿದ್ದಾರೆ, ಎರಡು ರೊಟ್ಟಿಗಾಗಿ ಅದನ್ನು ಕಳೆದುಕೊಳ್ಳಲಾ ಅಂದೆ.

ಬಸು ರೊಟ್ಟಿ ಮುರಿದ. ಅದನ್ನು ಪಲ್ಯಕ್ಕೆ ಅದ್ದುವ ಮೊದಲು ನನ್ನತ್ತ ನೋಡಿದ.

"ಕೇಳೂ ಮಂದಿ ಸಿಕ್ಕಾರ ಅಂತೀ. ಮಾತಾಡಂವ ಎಲ್ಲಿ ಹ್ವಾದಲೇ?"